ಕಾವೇರಿ–ಕಪಿಲಾ ಸೀಮೆಯ ಚರಿತ್ರೆ: ನಮ್ಮ ಬರಹಗಳು ಬಿಟ್ಟುಬಿಟ್ಟದ್ದು



ಕಾವೇರೀ ಸೀಮೆಯನ್ನು ಕುರಿತು ಕನ್ನಡದಲ್ಲಿ ಬರಹಗಳಿಗೆ ಬರವಿಲ್ಲ. ಜಾತ್ರೆಯ ಸ್ಮರಣ ಸಂಚಿಕೆ, ದೇವಾಲಯದ ಜೀರ್ಣೋದ್ಧಾರದ ಹೊತ್ತಗೆ, ಶತಮಾನೋತ್ಸವದ ಗ್ರಂಥ, ಜಿಲ್ಲಾ ಸಾಹಿತ್ಯ ಸಮ್ಮೇಳನದ ನೆನಪಿನ ಸಂಪುಟ, ಇವುಗಳಲ್ಲಿ ಯಾವುದನ್ನು ತೆರೆದರೂ ಈ ವಿಷಯದ ಮೇಲೆ ಒಂದಲ್ಲ ಒಂದು ಲೇಖನ ಕಣ್ಣಿಗೆ ಬೀಳುತ್ತದೆ. ಅಗಸ್ತ್ಯ ಮಹರ್ಷಿಯ ಕಮಂಡಲುವಿನಿಂದ ಲೇಖನ ಹೊರಡುತ್ತದೆ. ಗಣಪತಿ ಕಾಗೆಯ ರೂಪಿನಿಂದ ಬಂದು ಅದನ್ನು ಉರುಳಿಸುತ್ತಾನೆ. ಮುಂದಿನ ಪುಟದಲ್ಲಿ ತಲಕಾಡಿನ ಗಂಗರು, ಆ ಬಳಿಕ ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಸಾಲುಗಟ್ಟಿ ಬಂದುಹೋಗುತ್ತಾರೆ. ಕಡೆಗೆ ಕನ್ನಂಬಾಡಿ ಕಟ್ಟೆಯ ಮೇಲೆ ದೀಪಗಳು ಬೆಳಗಿ ಲೇಖನ ಮುಗಿಯುತ್ತದೆ. ಇದರಲ್ಲಿ ಹೇಳಿದ್ದೆಲ್ಲ ಬಹುಮಟ್ಟಿಗೆ ಸರಿ. ಆದರೂ ಓದಿ ಮುಗಿಸಿದ ಮೇಲೆ, ಈ ನದಿಯ ನೀರು ಹೊಲಕ್ಕೆ ಹೇಗೆ ಬಂದಿತು, ಬಂದ ನೀರನ್ನು ಯಾರು ಯಾರಿಗೆ ಹಂಚಿದರು, ನೀರು ನಿಂತಲ್ಲಿ ಯಾರ ಮನೆ ಮುಳುಗಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದಿಲ್ಲ. ನದೀತೀರದ ಸಂಸ್ಕೃತಿಯೆಂದು ಹೆಸರಿಟ್ಟ ಬರಹ ಈ ಮೂರನ್ನು ಹೇಳದೆ ಹೋದರೆ ಅದು ಅರಸರ ವಂಶಾವಳಿಯಾದೀತು, ನದಿಯ ಚರಿತ್ರೆಯಾಗಲಾರದು ಎಂಬುದು ಈ ಲೇಖಕನ ಅಭಿಪ್ರಾಯ.

ನಿಮ್ಮಲ್ಲಿ ಬಹುಮಂದಿ ಈ ಸೀಮೆಯ ಹಳ್ಳಿಗಳಿಂದಲೇ ಬಂದು ಮಠದ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿದವರು. ನಾಲೆಯ ಏರಿಯ ಮೇಲೆ ನಡೆದು ಶಾಲೆಗೆ ಹೋದವರು, ತೂಬಿನ ನೀರಿಗಾಗಿ ರಾತ್ರಿ ಕಾವಲು ಕುಳಿತ ತಂದೆಯನ್ನು ಕಂಡವರು. ಆದಕಾರಣ ಈ ವಿಮರ್ಶೆಯನ್ನು ನಿಮ್ಮ ಮುಂದಿಡುವುದು ಉಚಿತವೆಂದು ತೋರಿತು.

ಮೊದಲು ಮಾಹಾತ್ಮ್ಯೆಯ ಮಾತು. ಸ್ಕಾಂದ ಪುರಾಣಕ್ಕೆ ಸೇರಿದುದೆಂದು ಹೇಳಲಾಗುವ ಕಾವೇರೀ ಮಾಹಾತ್ಮ್ಯೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಆತುರ ಕೆಲವು ವಿದ್ಯಾವಂತರಲ್ಲಿದೆ. ಆ ಆತುರಕ್ಕೆ ಆಧಾರವಿಲ್ಲ. ತುಲಾ ಸಂಕ್ರಮಣದಂದು, ಎಂದರೆ ಅಕ್ಟೋಬರ್ ತಿಂಗಳ ನಡುಭಾಗದಲ್ಲಿ, ತಲಕಾವೇರಿಯಲ್ಲಿ ತೀರ್ಥೋದ್ಭವವನ್ನು ಕಾಣಲು ನೆರೆಯುವ ಜನಸ್ತೋಮವನ್ನು ಒಂದುಗೂಡಿಸಿರುವುದು ಆ ಪುರಾಣಪರಂಪರೆಯೇ. ಶ್ರೀರಂಗಪಟ್ಟಣವನ್ನು ಆದಿರಂಗ, ಶಿವನಸಮುದ್ರವನ್ನು ಮಧ್ಯರಂಗ, ಶ್ರೀರಂಗವನ್ನು ಅಂತ್ಯರಂಗ ಎಂದು ಕರೆಯುವ ಪರಿಪಾಠವನ್ನು ಗಮನಿಸಿರಿ. ಮೂರೂ ಕಾವೇರಿ ಎರಡು ಕವಲಾಗಿ ಒಡೆದು ನಡುವೆ ಬಿಟ್ಟ ದ್ವೀಪಗಳು. ಇಷ್ಟು ದೂರದೂರದ ಮೂರು ಸ್ಥಳಗಳಲ್ಲಿ ನದಿ ಒಂದೇ ಬಗೆಯಾಗಿ ನಡೆದುಕೊಂಡಿದೆಯೆಂಬುದನ್ನು ಭಕ್ತರು ಭೂಪಟವಿಲ್ಲದೆ ಕಂಡುಕೊಂಡಿದ್ದರು. ಕಂಡದ್ದನ್ನು ಕ್ಷೇತ್ರಗಳ ಹೆಸರಿನಲ್ಲಿ ಉಳಿಸಿದರು. ಎರಡು ರಾಜ್ಯಗಳು 1892ರ ಮತ್ತು 1924ರ ಒಪ್ಪಂದಗಳ ಮೇಲೆ ವಾದಿಸುವುದಕ್ಕೆ ಬಹಳ ಹಿಂದೆಯೇ ನದಿಯ ಉದ್ದಕ್ಕೂ ಒಂದು ಬಾಂಧವ್ಯವನ್ನು ಈ ಪರಂಪರೆ ಕಟ್ಟಿತ್ತು.

ದೋಷವಿರುವುದು ಮಾಹಾತ್ಮ್ಯೆಯನ್ನು ಬಳಸುವ ನಮ್ಮ ಕ್ರಮದಲ್ಲಿ. ಸ್ನಾನಘಟ್ಟದ ಪಾವಿತ್ರ್ಯವನ್ನು ಹೇಳುವುದಕ್ಕೆ ಹುಟ್ಟಿದ ಗ್ರಂಥದಿಂದ ನಾವು ಊರಿನ ಇತಿಹಾಸವನ್ನು ಹಿಂಡಿ ತೆಗೆಯಲು ಹೋಗುತ್ತೇವೆ. ಕಥೆ ಕೈಗೆ ಸಿಕ್ಕಿದೊಡನೆ ಕಾರಣ ಸಿಕ್ಕಿತೆಂದು ತೃಪ್ತರಾಗುತ್ತೇವೆ. ಇದರಿಂದ ಎಂತಹ ನಷ್ಟವಾಗುತ್ತದೆಂಬುದಕ್ಕೆ ತಲಕಾಡಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತಲಕಾಡಿನ ಶಾಪದ ಕಥೆ ನಿಮಗೆ ವಿದಿತವೇ ಆಗಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನ ಪತ್ನಿ ಅಲಮೇಲಮ್ಮ ಒಡವೆಗಳೊಡನೆ ತಲಕಾಡಿನ ಕಡೆಗೆ ಹೋದಳು. ಅವುಗಳಿಗಾಗಿ ಭಟರು ಬೆನ್ನಟ್ಟಿದಾಗ ಮಾಲಂಗಿಯ ಬಳಿ ಹೊಳೆಗೆ ಧುಮುಕಿದಳು. ಧುಮುಕುವ ಮುನ್ನ ಊರು ಮರಳಿನಲ್ಲಿ ಹೂತುಹೋಗಲೆಂದೂ ಆ ಮಡು ತಳಗಾಣದಂತಾಗಲೆಂದೂ ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿದಳು. ಈ ಕಥೆಯ ಹಿಂದಿರುವ ಹೆಣ್ಣಿನ ಸಂಕಟ ಅಲ್ಪವಾದುದಲ್ಲ. ಅರಮನೆಯಲ್ಲಿ ಆಕೆಗೆ ಪೂಜೆ ಸಲ್ಲುತ್ತ ಬಂದಿರುವುದೇ ಅದರ ಆಳಕ್ಕೆ ಸಾಕ್ಷಿ. ಗೆದ್ದವರ ಮನೆಯಲ್ಲಿ ಸೋತವಳಿಗೆ ಪೀಠ ದೊರೆತ ಪ್ರಸಂಗ ನಮ್ಮ ನಾಡಿನ ಚರಿತ್ರೆಯಲ್ಲಿ ಹೆಚ್ಚಾಗಿಲ್ಲ.

ಆದರೆ ಮರಳು? ಅಷ್ಟು ಮರಳು ಎಲ್ಲಿಂದ ಬಂದಿತು? ನದಿ ಇಲ್ಲಿ ಬಾಗಿ ತಿರುಗುತ್ತದೆ; ತಿರುವಿನಲ್ಲಿ ಹೊಳೆಯ ಪಾತ್ರ ಮರಳನ್ನು ಕೂಡಿಹಾಕುತ್ತದೆ; ಬೇಸಗೆಯಲ್ಲಿ ಪಾತ್ರ ಬರಿದಾದಾಗ ನೈಋತ್ಯದಿಂದ ಬೀಸುವ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯುತ್ತದೆ. ಇಷ್ಟನ್ನು ಯಾರಾದರೂ ನಿಂತು ನೋಡಬಹುದು. ಹಾಗಾದರೆ ಗಂಗರು ಶತಮಾನಗಳ ಕಾಲ ಆಳಿದ ರಾಜಧಾನಿಗೆ, ಚೋಳರು ಸುಮಾರು 1004ರಲ್ಲಿ ಗೆದ್ದು ರಾಜರಾಜಪುರವೆಂದು ಹೆಸರಿಟ್ಟ ಪಟ್ಟಣಕ್ಕೆ, 12ನೆಯ ಶತಮಾನದ ಎರಡನೆಯ ದಶಕದಲ್ಲಿ ವಿಷ್ಣುವರ್ಧನನು ಮರಳಿ ಗೆದ್ದು ಕೀರ್ತಿನಾರಾಯಣ ದೇವಾಲಯವನ್ನು ಎತ್ತಿಸಿದ ಊರಿಗೆ, ಆ ಮೊದಲು ಇಲ್ಲದಿದ್ದ ಪೀಡೆ ಆ ಮೇಲೆ ಏಕೆ ಬಂದಿತು? ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ಒಂದು ಹಳೆಯ ಅಣೆಕಟ್ಟೆಯಿದೆ. ವಿಜಯನಗರದ ಮಾಧವ ಮಂತ್ರಿಯ ಹೆಸರಿನಿಂದ ಅದನ್ನು ಕರೆಯುತ್ತಾರೆ. 14ನೆಯ ಶತಮಾನದ್ದೆಂದು ಹೇಳುತ್ತಾರೆ. ಈ ಕಟ್ಟೆ ನೀರನ್ನು ತಡೆದು ನಾಲೆಗೆ ತಿರುಗಿಸಿದ ಮೇಲೆ ಹೊಳೆಯ ಪಾತ್ರ ಹೆಚ್ಚು ಕಾಲ ಒಣಗಿ ಬಯಲಾಯಿತು, ಬಯಲಾದ ಮರಳು ಗಾಳಿಯ ಪಾಲಾಯಿತು ಎಂಬ ವಿವರಣೆಯನ್ನು ವಿಜ್ಞಾನಿಗಳೂ ಕಾದಂಬರಿಕಾರರೂ ಆದ ಶ್ರೀ ಕೆ. ಎನ್. ಗಣೇಶಯ್ಯನವರು ಈ ಶತಮಾನದ ಮೊದಲ ದಶಕದಲ್ಲಿ ಮಂಡಿಸಿದ್ದಾರೆ. ಇದನ್ನು ಕಡೆಯ ತೀರ್ಮಾನವೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಶಾಪದ ಕಥೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಇದು ಕೇಳುತ್ತದೆ.

ಈ ವಿವರಣೆಯನ್ನು ಒಪ್ಪಿದರೆ ಒಂದು ಕಠಿನವಾದ ಮಾತನ್ನೂ ಒಪ್ಪಬೇಕಾಗುತ್ತದೆ. ಯಾವ ಕಟ್ಟೆ ಕೆಳಗಿನ ಗದ್ದೆಗಳಿಗೆ ಅನ್ನ ಕೊಟ್ಟಿತೋ ಅದೇ ಕಟ್ಟೆ ಪಕ್ಕದ ಪಟ್ಟಣವನ್ನು ಹೂಳಿರಬಹುದು. ಒಬ್ಬರ ಬತ್ತ ಇನ್ನೊಬ್ಬರ ಮರಳು. ಇದನ್ನು ಹೇಳುವುದಕ್ಕೆ ನಮ್ಮ ಬರಹಗಾರರಿಗೆ ಸಂಕೋಚ. ಶಾಪಕ್ಕೆ ಒಬ್ಬ ರಾಜನ ಅಪರಾಧ ಸಾಕು; ಕಟ್ಟೆಯ ವಿಷಯ ಬಂದರೆ ಲಾಭ ಪಡೆದವರ ಲೆಕ್ಕವನ್ನೂ ತೆಗೆಯಬೇಕು. ಕಾರ್ತಿಕ ಸೋಮವಾರಗಳು ಕೂಡಿಬಂದ ವರ್ಷ ನಡೆಯುವ ಪಂಚಲಿಂಗ ದರ್ಶನಕ್ಕಾಗಿ ಲಕ್ಷಾಂತರ ಭಕ್ತರು ಆ ಮರಳ ದಿಬ್ಬಗಳ ಮೇಲೆ ನಡೆದಿದ್ದಾರೆ. 2013ರಲ್ಲಿ ನಡೆಯಿತು, ಸಾಂಕ್ರಾಮಿಕದ ನಿರ್ಬಂಧಗಳ ನಡುವೆ 2020ರಲ್ಲಿಯೂ ನಡೆಯಿತು. ಅಂತಹ ಸಂದರ್ಭಕ್ಕೆಂದು ಅಚ್ಚಾಗುವ ಕೈಪಿಡಿಗಳಲ್ಲಿ ಐದು ಲಿಂಗಗಳ ವಿವರದ ಜೊತೆಗೆ ಮಾಧವ ಮಂತ್ರಿ ಕಟ್ಟೆಗೂ ಒಂದು ಪುಟ ಮೀಸಲಾದರೆ ಯಾವ ಭಕ್ತನ ಶ್ರದ್ಧೆಗೂ ಕುಂದು ಬರಲಾರದು.

ಎರಡನೆಯ ಸಾಕ್ಷಿ ಶಾಸನಗಳು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಮೈಸೂರು ಜಿಲ್ಲೆಯ ಸಂಪುಟಗಳನ್ನು 1890ರ ದಶಕದಲ್ಲಿ ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಅವನ್ನು ಪರಿಷ್ಕರಿಸಿ, ಹೊಸ ಶಾಸನಗಳನ್ನು ಸೇರಿಸಿ ಪ್ರಕಟಿಸಿತು. ಈ ಸಂಪುಟಗಳಿಂದ ನಾವು ಎತ್ತಿಕೊಳ್ಳುವುದು ಏನನ್ನು? ಅರಸನ ಬಿರುದು, ತಿಥಿ ನಕ್ಷತ್ರ, ದಾನ ಕೊಟ್ಟ ದಂಡನಾಯಕನ ಹೆಸರು. ಆದರೆ ಶಾಸನಗಳ ಭಾಷೆಯಲ್ಲಿ ಕಟ್ಟುಕೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಮೊದಲಾದ ಮಾತುಗಳೂ ಇವೆ. ಕೆರೆಯನ್ನೋ ಕಾಲುವೆಯನ್ನೋ ಕಟ್ಟಿದವನಿಗೆ, ಅದರ ಹೂಳು ತೆಗೆದು ಕಾಪಾಡುವವನಿಗೆ, ನೀರುಣ್ಣುವ ಭೂಮಿಯಲ್ಲಿ ಒಂದು ಪಾಲು ಬಿಟ್ಟುಕೊಡುವ ಏರ್ಪಾಟುಗಳು ಇವು. ಕಟ್ಟಿದ್ದು ಕಲ್ಲಿನಷ್ಟೇ ಕರಾರಿನ ಬಲದಿಂದಲೂ ನಿಂತಿತ್ತೆಂಬುದಕ್ಕೆ ಈ ಮಾತುಗಳು ಪ್ರಮಾಣ. ಬಿರುದಾವಳಿಯ ಸಾಲನ್ನು ಕಂಠಪಾಠ ಮಾಡಿದ ನಮ್ಮ ಪ್ರೌಢಶಾಲೆಯ ಪುಸ್ತಕಗಳು ಬಿತ್ತುವಟ್ಟವೆಂದರೇನೆಂದು ಮಕ್ಕಳಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ.

ಶ್ರೀರಂಗಪಟ್ಟಣದ ಸುತ್ತಣ ನಾಲೆಗಳ ವಿಷಯದಲ್ಲಿಯೂ ಇದೇ ಅನಾದರ. ವಿರಿಜಾ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇವು ಇಂದಿಗೂ ಗದ್ದೆಗಳಿಗೆ ನೀರು ಹಾಯಿಸುವ ಜೀವಂತ ಸ್ಮಾರಕಗಳು. ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಪ್ರಸಿದ್ಧಿ. ಹೊಳೆಯ ಕವಲಿನ ಮೇಲೆ ಮೇಲ್ಗಾಲುವೆ ಕಟ್ಟಿ ದ್ವೀಪದೊಳಕ್ಕೆ ನೀರು ತಂದ ಜಾಣ್ಮೆ ಅದರದು. ಕಾವೇರಿಯ ಮೇಲೆಯೇ ಕಾವೇರಿಯನ್ನು ಹರಿಸಿದರು ಎನ್ನಬಹುದು. ಅದೇ ದೊರೆಯ ಆಸ್ಥಾನದಲ್ಲಿ 1648ರಲ್ಲಿ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ ರಚಿತವಾಯಿತು. ಆ ಕಾವ್ಯದ ನವರಾತ್ರಿ ವರ್ಣನೆಯನ್ನು ಉದ್ಧರಿಸದ ದಸರಾ ಸಂಚಿಕೆ ವಿರಳ. ಕಾವ್ಯವನ್ನು ಓದಿದವರು ನಾಲೆಯನ್ನು ನೋಡುವುದಿಲ್ಲ, ನಾಲೆಯನ್ನು ಅಳೆದ ಎಂಜಿನಿಯರರು ಕಾವ್ಯವನ್ನು ಓದುವುದಿಲ್ಲ. ಎರಡನ್ನೂ ಒಂದೇ ಕಾಲದ ಒಂದೇ ಊರಿನ ಬಾಳಿನ ಎರಡು ಮುಖಗಳೆಂದು ಹಿಡಿದು ಬರೆದ ಪುಸ್ತಕ ನಮಗೆ ಬೇಕಾಗಿದೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದಿರಲಾರೆ. ಈ ಸೀಮೆಯ ದುಡಿಮೆಯ ವಿವರವನ್ನು ಅಷ್ಟಿಷ್ಟು ಕಣ್ಣಿಟ್ಟು ಬರೆದವರು ಪರದೇಶದ ಅಧಿಕಾರಿಗಳು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಇಲ್ಲಿ ಸಂಚರಿಸಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಕಣದ ರಾಶಿಯನ್ನು ಸರ್ಕಾರಕ್ಕೂ ರೈತನಿಗೂ ಊರಿನ ಚಾಕರಿಯವರಿಗೂ ಹೇಗೆ ಹಂಚುತ್ತಿದ್ದರೆಂಬ ವಿವರವಿದೆ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಹಳ್ಳಿಯ ಆಯಗಾರರ ಪಟ್ಟಿಯನ್ನು ಕೊಡುವಾಗ ಗೌಡ, ಶಾನುಭೋಗರ ಸಾಲಿನಲ್ಲಿ ನೀರಗಂಟಿಯನ್ನು ಮರೆಯದೆ ಸೇರಿಸಿದ್ದಾನೆ. ಅವರ ಕಣ್ಣು ಕಂದಾಯದ ಮೇಲಿತ್ತು, ಪ್ರೀತಿಯಿಂದ ಬರೆದದ್ದಲ್ಲ. ಅದನ್ನು ಅರಿತೇ ಓದಬೇಕು. ಆದರೂ ಅವರು ಬರೆದಿಟ್ಟದ್ದು ಉಳಿಯಿತು.

ನೀರಗಂಟಿ ಯಾರೆಂದು ನಿಮ್ಮಲ್ಲಿ ಹಿರಿಯರಿಗೆ ಹೇಳಬೇಕಾಗಿಲ್ಲ. ತೂಬೆತ್ತುವವನು, ಯಾವ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರೆಂದು ತೀರ್ಮಾನಿಸುವವನು, ಮಳೆಗಾಲದ ರಾತ್ರಿ ಕೋಡಿಯ ಮೇಲೆ ನಿಂತು ಏರಿಯನ್ನು ಕಾಯುವವನು. ಬಹಳ ಕಡೆ ಈ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಊರಿನ ಬಾವಿಯ ನೀರನ್ನು ಮುಟ್ಟಬಾರದೆಂದು ತಡೆಯಲ್ಪಟ್ಟವನ ಕೈಯಲ್ಲಿಯೇ ಊರಿನ ಗದ್ದೆಗಳಿಗೆಲ್ಲ ನೀರು ಹಂಚುವ ಅಧಿಕಾರವಿತ್ತು. ಈ ವಿಪರ್ಯಾಸವನ್ನು ಕುರಿತು ನಮ್ಮ ಸ್ಮರಣ ಸಂಚಿಕೆಗಳು ಏನು ಹೇಳಿವೆ? ಕಾಯಕವನ್ನು ಕೈಲಾಸವೆಂದ ಶರಣರ ಪರಂಪರೆಯವರೆಂದು ನಾವು ಹೇಳಿಕೊಳ್ಳುತ್ತೇವೆ. ಹನ್ನೆರಡನೆಯ ಶತಮಾನದ ಕಾಯಕಗಳನ್ನು ಒಂದೊಂದಾಗಿ ಹೆಸರಿಸಿ ಭಾಷಣ ಮಾಡುತ್ತೇವೆ. ನಮ್ಮದೇ ಊರಿನ ಈ ಕಾಯಕ ನಮ್ಮ ಬರಹದೊಳಕ್ಕೆ ಬರಲಿಲ್ಲ.

ಇನ್ನು ಕಪಿಲೆಯ ಪಾಡು. ಕಾವೇರಿಯ ಹೆಸರಿನ ಪ್ರಭೆಯಲ್ಲಿ ಈ ಉಪನದಿ ಮಸುಕಾಗಿಬಿಟ್ಟಿದೆ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡುಗಳ ನಡುವೆ ಬಂದು, ನುಗು ಹೊಳೆಯನ್ನು ಕೂಡಿಸಿಕೊಂಡು, ನಂಜನಗೂಡಿನ ಬಳಿ ಗುಂಡ್ಲು ಹೊಳೆಯನ್ನೂ ಸೇರಿಸಿಕೊಂಡು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವ ಈ ನದಿಗೆ ಪ್ರತ್ಯೇಕವಾದ ಪ್ರಾಚೀನತೆಯಿದೆ. ಕ್ರಿ. ಶ. ಎರಡನೆಯ ಶತಮಾನದ ಟಾಲೆಮಿ ವೈಡೂರ್ಯ ವರ್ಗದ ಹಸಿರು ಮಣಿ ದೊರೆಯುವ ನಾಡೆಂದು ‘ಪೌನ್ನಾಟ’ವನ್ನು ಹೆಸರಿಸಿದ್ದಾನೆ, ಅದು ಕಪಿಲಾತೀರದ ಪುನ್ನಾಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕೀರ್ತಿಪುರ ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಈ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘದ ಜೈನ ಮುನಿಗಳು ಪಶ್ಚಿಮದ ಸೌರಾಷ್ಟ್ರದವರೆಗೂ ಹೋದರು. ಅದೇ ಸಂಘದ ಜಿನಸೇನಾಚಾರ್ಯರು 783ರಲ್ಲಿ ಅಲ್ಲಿನ ವರ್ಧಮಾನಪುರದಲ್ಲಿ ಸಂಸ್ಕೃತದ ಹರಿವಂಶಪುರಾಣವನ್ನು ಮುಗಿಸಿದರು. ಚಿಕ್ಕ ಹೊಳೆಯೊಂದರ ದಡದ ಹೆಸರು ಅಷ್ಟು ದೂರದ ಗ್ರಂಥದಲ್ಲಿ ಉಳಿಯಿತು, ದಡದವರಾದ ನಮಗೆ ಮರೆತುಹೋಯಿತು.

ಅದಕ್ಕೂ ಹಿಂದಕ್ಕೆ ಹೋಗುವುದಾದರೆ, ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರಿಂದ ಕೆಲವು ವರ್ಷ ನಡೆದ ಉತ್ಖನನ ಸಂಗಮದ ದಡದಲ್ಲಿ ನವಶಿಲಾಯುಗದ ಜನವಸತಿಯನ್ನು ತೋರಿಸಿಕೊಟ್ಟಿತು. 1989ರಲ್ಲಿ ಆರಂಭವಾದ ಕುಂಭಮೇಳಕ್ಕೆ ಅಲ್ಲಿ ಮೂರು ವರ್ಷಕ್ಕೊಮ್ಮೆ ಜನ ಸೇರುತ್ತಾರೆ. ತಾವು ಮುಳುಗುಹಾಕುವ ದಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಸೆದ ಮನುಷ್ಯನಿದ್ದನೆಂಬ ಸಂಗತಿ ಎಷ್ಟು ಜನಕ್ಕೆ ಗೊತ್ತು? ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಸೇತುವೆ ಗಾಡಿಗಳನ್ನೂ ಮುಂದೆ ರೈಲನ್ನೂ ದಾಟಿಸಿ ಇನ್ನೂ ನಿಂತಿದೆ. ಹುಲ್ಲಹಳ್ಳಿಯ ಅಣೆಕಟ್ಟೆಯಿಂದ ಹೊರಟ ನಾಲೆಗಳ ಕೆಳಗೆ ಬತ್ತ ಬೆಳೆದ ಹಳ್ಳಿಗಳ ಚರಿತ್ರೆ ಶ್ರೀಕಂಠೇಶ್ವರನ ಕ್ಷೇತ್ರ ಮಹಿಮೆಯಷ್ಟೇ ವಿಸ್ತಾರವಾಗಿ ಬರೆಯತಕ್ಕದ್ದು.

ಕಪಿಲೆಯ ದಡದ ಸುತ್ತೂರಿನ ವಿಷಯದಲ್ಲಿ ಎರಡು ನೆನಪುಗಳು ಪ್ರಚಲಿತವಾಗಿವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ವಿಮರ್ಶಕನಿಗೆ ಪ್ರಯೋಜನಕರ. ಒಂದು ಮಠದ ಪರಂಪರೆಯದು: ಚೋಳರಿಗೂ ಗಂಗರಿಗೂ ಕಾಳಗ ನಡೆಯಲಿದ್ದಾಗ ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳು ನಡುವೆ ನಿಂತು ಸಂಧಾನ ಮಾಡಿಸಿದರೆಂಬುದು. ಹತ್ತನೆಯ ಶತಮಾನದ ಕಡೆಯಲ್ಲಿ ಚೋಳರ ಸೈನ್ಯ ಈ ಸೀಮೆಯತ್ತ ಒತ್ತುತ್ತಿದ್ದದ್ದು ಚರಿತ್ರೆಗೆ ಸಮ್ಮತವಾದ ಸಂಗತಿ. ನದೀತೀರದ ಫಲವತ್ತಾದ ನೆಲಕ್ಕಾಗಿ ಇಬ್ಬರು ಅರಸರು ಕಾದುವಾಗ ನಡುವೆ ಸಿಕ್ಕಿ ನಲುಗುವವರು ಆ ನೆಲದ ಒಕ್ಕಲುಮಕ್ಕಳೇ ಎಂಬ ಅರಿವು ಈ ಪರಂಪರೆಯ ಒಳಗಿದೆ. ಇನ್ನೊಂದು ನೆನಪು ಮಲೆಯ ಮಾದೇಶ್ವರನ ಕಾವ್ಯದ್ದು. ಕಂಸಾಳೆಯ ಗುಡ್ಡರು ಹಾಡುವ ಕಥೆಯಲ್ಲಿ ಮಾದೇಶ್ವರ ಸುತ್ತೂರು ಮಠಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ರಾಗಿ ಬೀಸುವ ಕಾಯಕ ದೊರೆಯುತ್ತದೆ. ಮುಂದೆ ಕುಂತೂರು ಮಠವನ್ನು ಕಂಡು ಏಳುಮಲೆಯ ಕಡೆಗೆ ನಡೆಯುತ್ತಾನೆ.

ಮಠದ ನೆನಪಿನಲ್ಲಿ ಅರಸರ ಕತ್ತಿಗಳಿವೆ, ಜನಪದರ ನೆನಪಿನಲ್ಲಿ ಬೀಸುವ ಕಲ್ಲಿದೆ. ಸ್ಥಳ ಒಂದೇ. ಹೊಟ್ಟೆಗಿಲ್ಲದೆ ಬಂದವರಿಗೆ ಹಿಟ್ಟು ಬೀಸಿ ಉಣಬಡಿಸಿದ ದಾಸೋಹದ ಮನೆಯೆಂದು ಆ ಸ್ಥಳವನ್ನು ಹಾಡುಗಾರರು ಕಂಡರು. ದೇವರೇ ಬಂದರೂ ಮೊದಲು ಕೆಲಸ ಮಾಡಲಿ ಎಂದರು. ಮಠಗಳ ಇತಿಹಾಸ ಬರೆಯುವವರು ಈ ಎರಡನೆಯ ನೆನಪನ್ನು ಜನಪದರ ಕಲ್ಪನೆಯೆಂದು ಬದಿಗಿಡುವುದುಂಟು. ಬೀಸುವ ಕಲ್ಲಿಲ್ಲದ ಮಠವಿರಲಿಲ್ಲ, ರಾಗಿಯಿಲ್ಲದೆ ಈ ಸೀಮೆಯಲ್ಲಿ ದಾಸೋಹವಿರಲಿಲ್ಲ. ಕಾವೇರೀ ಸೀಮೆಯೆಂದೊಡನೆ ಹಸಿರು ಬತ್ತದ ಗದ್ದೆಯ ಚಿತ್ರವನ್ನಷ್ಟೇ ಬರೆಯುವ ನಮ್ಮ ಲೇಖಕರಿಗೆ, ನಾಲೆ ತಲುಪದ ಎತ್ತರದ ಹೊಲಗಳ ರಾಗಿಯನ್ನು ಈ ಕಾವ್ಯ ನೆನಪಿಸುತ್ತದೆ.

ಮಂಟೇಸ್ವಾಮಿ ಕಾವ್ಯದ ಭೂಗೋಳವೂ ಹೀಗೆಯೇ ಗಮನಾರ್ಹ. ನೀಲಗಾರರು ತಂಬೂರಿ ಹಿಡಿದು ಹಾಡುವ ಈ ಕಾವ್ಯದ ನೆಲೆಗಳು ಕೃಷ್ಣರಾಜನಗರ ತಾಲ್ಲೂಕಿನ ಕಾವೇರಿಯ ದಡದ ಕಪ್ಪಡಿ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಹಲಗೂರು, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ. ಅನ್ನದ ಭಿಕ್ಷೆಯಲ್ಲ, ಕಬ್ಬಿಣದ್ದು. ನೇಗಿಲಗುಳಕ್ಕೂ ಕುಡುಗೋಲಿಗೂ ಬೇಕಾದ ಲೋಹದ್ದು. ಗಂಗರ ರಾಜಧಾನಿಯಾಗಲಿ ಒಡೆಯರ ಸಿಂಹಾಸನವಾಗಲಿ ಈ ಕಾವ್ಯದ ಕೇಂದ್ರವಲ್ಲ. ಕುಲುಮೆ, ಗದ್ದುಗೆ, ಜಾತ್ರೆ, ಪಂಕ್ತಿ ಇವೇ ಅದರ ಕೇಂದ್ರ. ಪ್ರೊ. ಜೀ. ಶಂ. ಪರಮಶಿವಯ್ಯ, ಡಾ. ಪಿ. ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಮೈಸೂರನ್ನೇ ನೆಲೆಯಾಗಿ ಮಾಡಿಕೊಂಡು ಹಳ್ಳಿಹಳ್ಳಿ ತಿರುಗಿ ಇಂತಹ ಕಾವ್ಯಗಳನ್ನು ಸಂಗ್ರಹಿಸಿದರು. ಅವರ ಸಂಗ್ರಹಗಳು ಜಾನಪದ ವಿಭಾಗದ ಕಪಾಟಿನಲ್ಲಿ ಉಳಿದವು, ಚರಿತ್ರೆಯ ಕಪಾಟಿಗೆ ಬರಲಿಲ್ಲ. ಸಾಹಿತ್ಯದವರು ಇದಕ್ಕಿಂತ ಮೇಲು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ, ಹಾಡುಗಾರರ ಬಾಯಲ್ಲಿದ್ದ ನಂಜನಗೂಡು ಸೀಮೆಯ ನುಡಿಗೆ ಕಾದಂಬರಿಯ ಪ್ರಬುದ್ಧತೆ ಇದೆಯೆಂಬುದು ನಾಡಿಗೆಲ್ಲ ತಿಳಿಯಿತು.

ಹಾಗೆಂದು ಜನಪದ ಕಾವ್ಯದಲ್ಲಿ ಬಂದದ್ದನ್ನೆಲ್ಲ ನಡೆದದ್ದೆಂದು ನಂಬುವುದೂ ಸಾಧುವಲ್ಲ. ಮಾಹಾತ್ಮ್ಯೆಗೆ ಹಾಕಿದ ಒರೆಗಲ್ಲನ್ನೇ ಇದಕ್ಕೂ ಹಾಕಬೇಕು. ಪವಾಡದ ಸಂಖ್ಯೆಗಳಿಂದ ಕಾಲನಿರ್ಣಯ ಮಾಡಹೊರಟ ಕೆಲವು ಪ್ರಬಂಧಗಳನ್ನು ಓದಿ ಆಯಾಸಪಟ್ಟವರಿಗೆ ಇದರ ಅರ್ಥವಾದೀತು. ಕಾವ್ಯ ತಿಥಿಯನ್ನು ಹೇಳದಿರಬಹುದು. ಯಾವ ಕೆಲಸಕ್ಕೆ ಬೆಲೆಯಿತ್ತು, ಯಾವ ಊರಿನಿಂದ ಯಾವ ಊರಿಗೆ ದಾರಿಯಿತ್ತು, ಯಾರು ಯಾರ ಮನೆಯಲ್ಲಿ ಉಣ್ಣುತ್ತಿದ್ದರು ಎಂಬುದನ್ನು ಅದು ಹೇಳುತ್ತದೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಬರಹಗಳ ಧಾಟಿ ಬದಲಾಗುತ್ತದೆ, ಪ್ರವೃತ್ತಿ ಬದಲಾಗುವುದಿಲ್ಲ. ಋಷಿಯ ಸ್ಥಾನಕ್ಕೆ ಎಂಜಿನಿಯರರು ಬರುತ್ತಾರೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು; ನಾಲ್ವಡಿ ಕೃಷ್ಣರಾಜ ಒಡೆಯರ ಧೈರ್ಯ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಭೆ ಒಂದುಗೂಡಿ ಕಟ್ಟೆ ಎದ್ದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ ಬಂದವು. ಒಣಭೂಮಿಯಲ್ಲಿ ಹಸಿವಿನಿಂದ ಕುಳಿತಿದ್ದ ಸೀಮೆ ಕಬ್ಬು ಬತ್ತಗಳ ಸೀಮೆಯಾಯಿತು. ಈ ಉಪಕಾರವನ್ನು ಎಷ್ಟು ಸ್ಮರಿಸಿದರೂ ಕಡಮೆಯೇ. ಆದರೆ ಕನ್ನಂಬಾಡಿಯೆಂಬುದು ಒಂದು ಊರಿನ ಹೆಸರಾಗಿತ್ತೆಂಬುದನ್ನು ಎಷ್ಟು ಲೇಖನಗಳು ಹೇಳುತ್ತವೆ? ಆ ಊರೂ ಸುತ್ತಣ ಹಳ್ಳಿಗಳೂ ನೀರೊಳಗಾದವು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳನ್ನು ಈ ಶತಮಾನದಲ್ಲಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದ ಮೇಲೆ ಪುನಃ ಕಟ್ಟಿದ್ದಾರೆ. ಪ್ರವಾಸಿಗಳು ಹೋಗಿ ಚಿತ್ರ ತೆಗೆದುಕೊಳ್ಳುತ್ತಾರೆ. ದೇವರಿಗೆ ಮನೆ ಮರಳಿ ದೊರೆಯಿತು. ಅವನ ಒಕ್ಕಲುಗಳು ಎಲ್ಲಿಗೆ ಹೋದರು, ಯಾವ ಭೂಮಿಯಲ್ಲಿ ಬದುಕು ಕಟ್ಟಿಕೊಂಡರು ಎಂಬುದನ್ನು ಕೇಳಿ ಬರೆದುಕೊಳ್ಳುವ ಹೊತ್ತಿಗೆ ಕಣ್ಣಾರೆ ಕಂಡವರ ತಲೆಮಾರು ಮುಗಿದುಹೋಯಿತು.

ಕಪಿಲೆಯ ಮೇಲಣ ಬೀಚನಹಳ್ಳಿಯ ಜಲಾಶಯ 1974ರಲ್ಲಿ ಪೂರ್ಣಗೊಂಡಿತು. ಇಲ್ಲಿ ಮಾತ್ರ ನಮಗೆ ಇನ್ನೂ ಅವಕಾಶವಿದೆ. ಆಗ ಎದ್ದುಹೋದ ಹಳ್ಳಿಗಳ ರೈತರು, ಕಾಡಿನಂಚಿನಿಂದ ಕದಲಬೇಕಾದ ಜೇನುಕುರುಬ ಕಾಡುಕುರುಬ ಕುಟುಂಬಗಳಲ್ಲಿ ಅಂದು ಯುವಕರಾಗಿದ್ದವರು ಕೆಲವರಾದರೂ ಇಂದು ವೃದ್ಧರಾಗಿ ನಮ್ಮ ನಡುವೆ ಇದ್ದಾರೆ. ಟಾಲೆಮಿ ಹೆಸರಿಸಿದ ಪುನ್ನಾಟದ ನೆಲವೂ ಈ ಸೀಮೆಯದೇ ಎಂಬುದನ್ನು ಮೇಲೆ ಹೇಳಿದೆನಷ್ಟೆ. ಎರಡು ಸಾವಿರ ವರ್ಷದ ಹಿಂದಿನ ವಿದೇಶೀಯನ ಸಾಕ್ಷ್ಯವನ್ನು ಹೆಮ್ಮೆಯಿಂದ ಉದ್ಧರಿಸುವವರು ಐವತ್ತು ವರ್ಷದ ಹಿಂದಿನ ಸ್ವದೇಶೀಯರ ಸಾಕ್ಷ್ಯವನ್ನು ಅಲಕ್ಷಿಸುವುದು ಹೇಗೆ ನ್ಯಾಯವಾದೀತು?

ನೀರಿನ ವ್ಯಾಜ್ಯದ ಸಾಹಿತ್ಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1990ರಲ್ಲಿ ನ್ಯಾಯಮಂಡಲಿ ನೇಮಕವಾಯಿತು, 2007ರಲ್ಲಿ ಅದರ ಅಂತಿಮ ತೀರ್ಪು ಬಂದಿತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿಗದಿಮಾಡಿತು. ಈ ಅಂಕಿಗಳು ಮುಖ್ಯವೇ. ಆದರೆ ನದಿಯನ್ನು ಅಂಕಿಗಳಲ್ಲಿ ಮಾತ್ರ ನೆನೆಯುವ ಹೊಸದೊಂದು ಅಭ್ಯಾಸ ನಮ್ಮ ಬರಹಗಳಿಗೂ ಅಂಟಿಕೊಂಡಿದೆ. ಮಳೆ ಕೈಕೊಟ್ಟ ವರ್ಷ ಕಾವೇರಿಯ ಮೇಲೆ ನೂರು ಲೇಖನ, ಕಟ್ಟೆ ತುಂಬಿದ ವರ್ಷ ಬಾಗಿನದ ಚಿತ್ರ.

ಮೈಸೂರು ನಗರ ಯಾವ ನದಿಯ ದಡದಲ್ಲಿಯೂ ಇಲ್ಲ. ಆದರೆ ಕಾವೇರಿ ಕಪಿಲೆ ಎರಡರ ನೀರನ್ನೂ ಕುಡಿಯುತ್ತದೆ. ಕಾವೇರಿಯನ್ನು ನಗರಕ್ಕೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಡಿಸಿದ ನಾಲೆ ಉದ್ದೇಶಿಸಿದಂತೆ ಫಲಿಸಲಿಲ್ಲ. ಅದರ ಅವಶೇಷ ಬಡಾವಣೆಗಳ ನಡುವೆ ಅಲ್ಲಲ್ಲಿ ಮೋರಿಯಂತೆ ಕಾಣುತ್ತದೆ. ಅರಮನೆಯ ಪ್ರತಿಯೊಂದು ಕಂಬದ ಚರಿತ್ರೆಯನ್ನೂ ಬರೆದಿರುವ ಈ ಊರಿನ ವಿದ್ವಾಂಸರು ಆ ಹಳ್ಳದ ಜಾಡು ಹಿಡಿದು ಒಂದು ಪುಸ್ತಕ ಬರೆದರೆ ಅದು ಓದತಕ್ಕ ಪುಸ್ತಕವಾದೀತು. ಸೋತ ನಾಲೆಗೂ ಒಂದು ಕಥೆಯಿದೆ: ಮಟ್ಟ ಹಿಡಿದವರು ಯಾರು, ಅಗೆದವರು ಯಾವ ಊರಿನವರು, ಕೂಲಿ ಎಷ್ಟು, ಎಲ್ಲಿಗೆ ಬಂದು ನಿಂತಿತು.

ಕಡೆಯದಾಗಿ ಒಂದು ವಿನಂತಿ, ಊರುಗಳಲ್ಲಿ ಇನ್ನೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ. ನಿಮ್ಮ ಊರಿನ ನಾಲೆಯ ತೂಬುಗಳಿಗೆ, ಕೆರೆಯ ಕೋಡಿಗೆ, ಹೊಳೆಯ ಮಡುಗಳಿಗೆ ಒಂದೊಂದು ಹೆಸರಿದೆ. ಗೌಡನ ತೂಬು, ಬಸವನ ಮಡು ಎಂಬಂತಹ ಹೆಸರುಗಳು. ಸರ್ಕಾರದ ನಕ್ಷೆಯಲ್ಲಿ ಅವುಗಳಿಗೆ ಅಂಕೆ ಮಾತ್ರ ಕೊಟ್ಟಿದ್ದಾರೆ. ನೀರಗಂಟಿಯ ಮನೆತನದ ಹಿರಿಯರು ಯಾರಾದರೂ ಇದ್ದರೆ ಅವರ ಬಳಿ ಕುಳಿತು ಆ ಹೆಸರುಗಳನ್ನೂ, ನೀರಿನ ಸರದಿ ಹೇಗೆ ನಡೆಯುತ್ತಿತ್ತೆಂಬುದನ್ನೂ, ಅವರಿಗೆ ಸಲ್ಲುತ್ತಿದ್ದ ಆಯವೆಷ್ಟೆಂಬುದನ್ನೂ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ. ಹೇಳಿದವರ ಮಾತಿನಲ್ಲಿಯೇ ಬರೆಯಿರಿ, ತಿದ್ದಬೇಡಿರಿ. ಮುಂದಿನ ಜಾತ್ರೆಯ ಸಂಚಿಕೆಗೆ ಕಮಂಡಲುವಿನ ಕಥೆಯ ಜೊತೆಗೆ ಅದನ್ನೂ ಕಳುಹಿಸಿಕೊಡಿರಿ.